ರಾಯನ ಬೆನ್ನಳತೆ

ಆರೋಗ್ಯಧಾಮ, ಹೆಂಗಸರ ವರಾಂಡ
ತಾ. 14-6-1946

ಅಶ್ವತ್ಥಕ್ಕನಿಗೆ ವರಲಕ್ಷ್ಮಿಯ ನಮಸ್ಕಾರ.

ಈ ಕಾಗದವನ್ನು ಅತ್ತೆಯವರು ಸಾಂಬ್ರಾಣಿ ಹೊಗೆಗೆ ಹಿಡಿದ ಮೇಲೆಯೇ ನಿಮ್ಮ ಕೈಗೆ ಕೊಡುತ್ತಾರೆಂದು ನನಗೆ ಗೊತ್ತು. ಹಿಡಿಯಲಿ. ಕ್ಷಯದ ಆಸ್ಪತ್ರೆಯಿಂದ ಬಂದ ಕಾಗದವೆಂದರೆ ಯಾರಿಗಾದರೂ ಭಯವೇ. ಅಕ್ಷರ ಮಾಸದಂತೆ ನೀವು ನೋಡಿಕೊಂಡರೆ ಸಾಕು.

ಒಂದು ಒಳ್ಳೆಯ ಸುದ್ದಿ ಇದೆ. ಜ್ವರ ಇಳಿದಿದೆಯೆಂದು ಡಾಕ್ಟರು ನನಗೆ ದಿನಕ್ಕೆ ಸ್ವಲ್ಪ ಹೊತ್ತು ಕೈಕೆಲಸ ಮಾಡಲು ಬಿಟ್ಟಿದ್ದಾರೆ. ಯುದ್ಧದಲ್ಲಿ ಸಿಪಾಯಿಗಳಿಗೆ ಮಫ್ಲರು, ಕಾಲುಚೀಲ ಹೆಣೆಯಲೆಂದು ತರಿಸಿದ್ದ ಉಲ್ಲನ್ ದಾರ ಇಲ್ಲಿ ಮೂಟೆಗಟ್ಟಲೆ ಉಳಿದಿದೆ. ಯುದ್ಧ ಮುಗಿಯಿತು, ದಾರ ಮುಗಿಯಲಿಲ್ಲ. ಮೇಟ್ರನ್ ಅಮ್ಮ ಒಂದು ಮೂಟೆಯನ್ನೇ ಬಿಚ್ಚಿಟ್ಟು ಬೇಕಾದಷ್ಟು ತೆಗೆದುಕೋ ಎಂದರು. ಖಾಕಿ, ಬೂದಿನೀಲಿ, ತಳದಲ್ಲಿ ಒಂದಿಷ್ಟು ಕಂದುಗೆಂಪು. ಹೆಣಿಗೆ ಕಡ್ಡಿ ಮಾತ್ರ ಒಂದೇ ಜೊತೆ. ಮುರಿದ ಕೊಡೆಯ ಕಡ್ಡಿಗಳನ್ನು ಉಜ್ಜಿ, ಸೈಕಲ್ ಕಡ್ಡಿಗಳ ತುದಿ ಮಸೆದು, ಬಿದಿರಿನದೊಂದು ಜೊತೆ ಕೆತ್ತಿಸಿಕೊಂಡು, ಈಗ ನನ್ನ ಮಂಚದ ಮೇಲೆ ನಾಲ್ಕು ಕೆಲಸ ಒಟ್ಟಿಗೆ ನಡೆಯುತ್ತಿವೆ. ಒಂದು ನಮ್ಮ ರಾಯನ ಸ್ವೆಟರ್. ಉಳಿದವು ಹೀಗೇ, ಏನೋ ಒಂದು.

ಒರಗಿ ಕೂರಲು ಬಿಟ್ಟಾಗ ಕಡ್ಡಿ ಹಿಡಿಯುತ್ತೇನೆ. ಮಲಗಿಯೇ ಇರು ಎಂದ ದಿನ ಕ್ರೋಷಾ. ಅದಕ್ಕೆ ಒಂದು ಕೊಕ್ಕೆ ಸಾಕು, ಮಗ್ಗುಲಾಗಿದ್ದೇ ಲೇಸು ಹೆಣೆಯಬಹುದು. ಪಕ್ಕದ ಮಂಚದ ಅಕ್ಕಯಮ್ಮ ಹೊಸಕೋಟೆ ಕಡೆಯವರು. “ಏನಮ್ಮಣ್ಣಿ, ಅಂಗಡಿ ಇಕ್ತೀಯಾ? ಒಂದನ್ನ ಮುಗ್ಸಿ ಇನ್ನೊಂದು ಹಿಡೀಬಾರ್ದಾ?” ಎಂದು ರೇಗಿಸುತ್ತಾರೆ.

ರಾಯನಿಗೆ ಮೂರು ತುಂಬಿತಲ್ಲವೇ? ನಾನು ಹೊರಟಾಗ ಅವನ ಬೆನ್ನು ನನ್ನ ಒಂದು ಗೇಣು, ನಾಲ್ಕು ಬೆರಳು. ಅವನನ್ನು ಇಲ್ಲಿಗೆ ಕರೆತರುವುದು ಬೇಡ ಎಂದು ನಾನೇ ಹೇಳಿದ್ದೇನೆ. ನಿಮ್ಮ ಮೈದುನ ಮತ್ತೆ ಕೇಳಿದರೂ ಒಪ್ಪಬೇಡಿ. ಒಂದೇ ಮನೆಗೆ ಸೊಸೆಯರಾಗಿ ಬಂದವರು ನಾವು. ನನ್ನ ಮಗ ನಿಮ್ಮ ಸೊಂಟದ ಮೇಲಿದ್ದಾನೆ ಎಂಬುದೊಂದೇ ನನಗೆ ನಿದ್ದೆ ಬರಿಸುವ ಔಷಧ.

ನಿಮ್ಮ ತಂಗಿ,
ವರಲಕ್ಷ್ಮಿ


ರಾಜಘಟ್ಟ
ತಾ. 2-7-1946

ವರಲಕ್ಷ್ಮಿಗೆ ಅಕ್ಕನ ಆಶೀರ್ವಾದ.

ಒತ್ತಕ್ಷರ ತಪ್ಪಿದರೆ ನಗಬೇಡ. ಮದುವೆಯಾಗಿ ಬಂದ ವರ್ಷ ಅಕ್ಕಿ ಮೊರದಲ್ಲಿ ಬೆರಳಾಡಿಸಿ ನನಗೆ ಅಕ್ಷರ ಕಲಿಸಿದವಳು ನೀನೇ.

ನಾಲ್ಕು ಕೆಲಸ ಒಟ್ಟಿಗೆ ಎಂದು ಓದಿ ನನಗೆ ಬೆರಗಾಯಿತು. ಯಾವುದರಲ್ಲಿ ಎಷ್ಟನೆಯ ಸಾಲು, ಯಾವುದಕ್ಕೆ ಎಷ್ಟು ಕುಣಿಕೆ, ಹೇಗೆ ನೆನಪಿಡುತ್ತೀಯೆ? ನಾನು ಒಂದು ಒಲೆಯಲ್ಲಿ ಮುದ್ದೆಗೆ ಎಸರಿಟ್ಟು ಇನ್ನೊಂದರಲ್ಲಿ ಸಾರಿಟ್ಟರೆ ಎರಡರಲ್ಲೊಂದು ತಳ ಹಿಡಿಯುತ್ತದೆ. ಆದರೂ ಆ ಹೊಸಕೋಟೆ ಅಮ್ಮ ಹೇಳುವುದು ಸರಿ. ಮನಸ್ಸು ಹತ್ತು ಕಡೆ ಓಡಿದರೆ ಮೈಗೆ ವಿಶ್ರಾಂತಿ ಎಲ್ಲಿ? ಮೊದಲು ಒಂದನ್ನು ಮುಗಿಸು.

ರಾಯ ಚೆನ್ನಾಗಿದ್ದಾನೆ. ಹೊಸ ಮೇಕೆಮರಿಯ ಹಿಂದೆ ಓಡುವುದೇ ಅವನ ಕೆಲಸ. ಅತ್ತೆ ಹಾಗೆಯೇ ಇದ್ದಾರೆ. ಹೋದ ಸಲ ನಿನ್ನ ಗಂಡ ಅಲ್ಲಿಂದ ತಂದ ಟವಲನ್ನು ಬೇವಿನ ಸೊಪ್ಪು ಹಾಕಿ ಬಚ್ಚಲ ಹಂಡೆಯಲ್ಲಿ ಕುದಿಸಿದರು. “ಅಲ್ಲಿಂದ ಬಂದದ್ದು ಏನೇ ಆಗ್ಲಿ, ಬೇಯಿಸ್ದೆ ಹೊಸ್ಲು ದಾಟ್ಬಾರ್ದು” ಅಂತ. ನಿನ್ನ ಮೇಲೆ ಸಿಟ್ಟಲ್ಲ. ಒಬ್ಬನೇ ಮೊಮ್ಮಗ ಎಂಬ ಭಯ.

ಅಶ್ವತ್ಥಮ್ಮ


ಆರೋಗ್ಯಧಾಮ
ತಾ. 25-8-1946

ಅಕ್ಕಾ,

ನಿಮ್ಮ ಮಾತಿಗೆ ಒಂದನ್ನು ಮುಗಿಸಿದೆ. ನಿಮ್ಮ ಮೈದುನರ ಕೈಯಲ್ಲಿ ಕಳಿಸಿದ್ದೇನೆ. ಮೈ ಖಾಕಿ, ಅಂಚಿಗೆ ಕಂದುಗೆಂಪು ಕ್ರೋಷಾ, ಭುಜದ ಮೇಲೆ ಮೂರು ಗುಂಡಿ. ಎರಡು ಚಳಿಗೆ ಬರಲೆಂದು ಬೆನ್ನಿಗೆ ಒಂದು ಗೇಣು, ಎಂಟು ಬೆರಳು ಉದ್ದ ಕೊಟ್ಟಿದ್ದೇನೆ. ಸಡಿಲವಾದರೆ ತೋಳು ಮಡಚಿ.

ಮೈಮೇಲೆ ಹೇಗೆ ಕೂತಿತು, ಬರೆಯಬೇಕು. ಸುಮ್ಮನೆ ಚೆನ್ನಾಗಿದೆ ಎಂದರೆ ಸಾಲದು. ತೋಳು ಎಲ್ಲಿಗೆ ಬಂತು, ಸೊಂಟದ ಕೆಳಗೆ ಎಷ್ಟು ಇಳಿಯಿತು, ಕುತ್ತಿಗೆ ತೂರಿಸುವಾಗ ಅತ್ತನೇ, ಎಲ್ಲ ಬೇಕು.

ಉಳಿದವು ಮೂರಿದ್ದದ್ದು ಈಗ ಆರಾಗಿವೆ. ಬೈಯಬೇಡಿ. ಎಲ್ಲದರ ಬೆನ್ನು ಮೊದಲು, ಆಮೇಲೆ ಎಲ್ಲದರ ಎದೆ, ತೋಳುಗಳು ಕೊನೆಗೆ. ಒಂದೊಂದನ್ನೇ ಮುಗಿಸುತ್ತ ಹೋದರೆ ಕೊನೆಯದಕ್ಕೆ ಕೈ ತಲುಪದೇ ಹೋದೀತು. ಹೀಗಾದರೆ ಎಲ್ಲವೂ ಅಷ್ಟಷ್ಟು ಮುಂದೆ ಹೋಗಿರುತ್ತವೆ.

ವರಲಕ್ಷ್ಮಿ


ರಾಜಘಟ್ಟ
ತಾ. 12-9-1946

ವರಲಕ್ಷ್ಮಿಗೆ,

ಸ್ವೆಟರ್ ಬಂದ ದಿನ ನಮ್ಮ ಜಗಲಿಯ ಮೇಲೆ ಜಾಗವಿರಲಿಲ್ಲ. ಹಬೀಬುಲ್ಲಾ ಸಾಹೇಬರ ಮನೆಯ ಅನ್ವರ್ ಬೇಗಂ ಅದನ್ನು ಒಳಗು ಹೊರಗು ಮಾಡಿ ತಿರುಗಿಸಿ, ಗಂಟು ಎಲ್ಲಿದೆಯೆಂದು ಹುಡುಕಿ ಸೋತರು. “ಏನ್ ಕೈಯಮ್ಮಾ ಆ ಹುಡುಗೀದು! ಮಷೀನೂ ಇಂಗೆ ಮಾಡಲ್ಲ” ಎಂದರು. ಕಂದುಗೆಂಪು ಅಂಚನ್ನು ನಾನು ಎಷ್ಟು ಸಲ ಬೆರಳಿಂದ ಮುಟ್ಟಿದೆನೋ. ಹುರಿಯಕ್ಕಿ ಸಾಲಾಗಿ ಜೋಡಿಸಿಟ್ಟ ಹಾಗಿತ್ತು.

ಎರಡು ದಿನ ಬಿಟ್ಟು ರಾಯನಿಗೆ ಹಾಕಿದೆ. ತುಸು ಬಿಗಿ. ತೋಳು ಮೊಣಕೈಯ ಹತ್ತಿರ ನಿಂತಿತು. ಹುಡುಗ ಬೆಳೆದಿದ್ದಾನೆ. ನಿನ್ನ ಅಳತೆಯಲ್ಲಿ ತಪ್ಪೇನೂ ಇಲ್ಲ. ಇದರ ಬಗ್ಗೆ ಹೆಚ್ಚು ಯೋಚಿಸಬೇಡ.

ಈ ಸಲ ರಾಗಿ ಪೈರು ಚೆನ್ನಾಗಿ ಎದ್ದಿದೆ.

ಅಶ್ವತ್ಥಮ್ಮ


ಆರೋಗ್ಯಧಾಮ
ತಾ. 20-10-1946

ಅಕ್ಕಾ,

ನಿಮ್ಮ ಕಾಗದವನ್ನು ಇಡೀ ವರಾಂಡಕ್ಕೆ ಓದಿ ಹೇಳಿದೆ. ಮೂರು ವರ್ಷದವನಿಗೆ ಐದು ವರ್ಷದವನ ಸ್ವೆಟರ್ ಬಿಗಿ! ನೀವು ಅವನಿಗೆ ಏನು ತಿನ್ನಿಸುತ್ತಿದ್ದೀರಿ? ಅಕ್ಕಯಮ್ಮ, “ನಿಮ್ಮಕ್ಕನ್ನ ಇಲ್ಲಿ ಅಡಿಗೆಗೆ ಕರ್ಕೊಂಡ್ಬಾ, ನಾವೂ ದಪ್ಪ ಆಗ್ತೀವಿ” ಎಂದರು. ಇಲ್ಲಿ ತೂಕ ಹೆಚ್ಚಿದವರೇ ರಾಣಿಯರು, ಆದ್ದರಿಂದ ಅದು ಬರಿಯ ತಮಾಷೆಯಲ್ಲ.

ಅಂದೇ ನಾನು ಉಳಿದ ಎಲ್ಲವನ್ನೂ ಬಿಚ್ಚಿ ದೊಡ್ಡದು ಮಾಡಲು ತೊಡಗಿದೆ. ಬೇಸರವಿಲ್ಲ. ಇಷ್ಟು ಸಂತೋಷದಿಂದ ನಾನು ಯಾವ ಹೆಣಿಗೆಯನ್ನೂ ಬಿಚ್ಚಿಲ್ಲ.

ಈಗ ಒಂದು ಉಪಕಾರ. ನಮ್ಮ ಬೀದಿಯ ಹುಡುಗರ ಬೆನ್ನಳತೆ ಬೇಕು. ಆರು ವರ್ಷದವನು, ಎಂಟರವನು, ಹನ್ನೆರಡರವನು. ಹೂ ಕಟ್ಟುವ ದಾರದಲ್ಲಿ ಕತ್ತಿನಿಂದ ಸೊಂಟದವರೆಗೆ ಅಳೆದು ಗಂಟು ಹಾಕಿ ಕಳಿಸಿ. ವಾರ್ಡಿನವರೆಲ್ಲ ಸೇರಿ ಒಂದು ಅನಾಥಾಲಯಕ್ಕೆ ಹೆಣೆದು ಕೊಡುತ್ತಿದ್ದೇವೆ.

ಈ ತಿಂಗಳು ಮಾತ್ರ ಬರಿಯ ಕ್ರೋಷಾ ಕೆಲಸ. ಒಂದು ಕಾಲರು, ಒಂದು ತಟ್ಟೆಮುಚ್ಚು ಲೇಸು. ಚೆನ್ನಾಗಿ ಬರುತ್ತಿವೆ.

ವರಲಕ್ಷ್ಮಿ


ರಾಜಘಟ್ಟ
ತಾ. 18-11-1946

ವರಲಕ್ಷ್ಮಿಗೆ,

ನಿನ್ನಿಂದಾಗಿ ನಾನು ಊರಿನಲ್ಲಿ ದರ್ಜಿಯಾದೆ. ದಾರ ಹಿಡಿದು ಹೊರಟರೆ ಹುಡುಗರು ಓಡುತ್ತಾರೆ, ಹೆಂಗಸರು ನಗುತ್ತಾರೆ. ಎಂಟು ವರ್ಷದವನೆಂದರೆ ಅನ್ವರ್ ಬೇಗಂ ಮಗ ರಹೀಮ್. ಅವನನ್ನು ಕಂಬಕ್ಕೆ ಒರಗಿಸಿ ಅಳೆಯುವಾಗ ಅವರು ಕೇಳಿದ್ದು: “ಏನಮ್ಮಾ, ನಮ್ ಹುಡುಗಂಗೆ ಶೇರ್ವಾನಿ ಹೊಲಿಸ್ತೀರಾ? ನಿಕಾ ಯಾವಾಗ?” ರಹೀಮ್ ನಾಚಿ ಹಿತ್ತಿಲಿಗೆ ಓಡಿದ. ಮತ್ತೆ ಹಿಡಿದು ತಂದು ಅಳೆದದ್ದಾಯಿತು. ಆರರವನು ಪೂಜಾರರ ಮನೆಯವನು. ಹನ್ನೆರಡರವನೆಂದರೆ ಆವಲಪ್ಪನ ಹಿರಿಮಗ, ಅವನು ದೊಡ್ಡಬಳ್ಳಾಪುರದಲ್ಲಿ ಓದುತ್ತಿದ್ದಾನೆ. ಊರಿಗೆ ಬಂದಾಗ ನೋಡುತ್ತೇನೆ.

ಎಲ್ಲರನ್ನೂ ಅಳೆದು ತನ್ನನ್ನು ಬಿಟ್ಟೆನೆಂದು ರಾಯ ನೆಲಕ್ಕೆ ಬಿದ್ದು ಹೊರಳಿದ. ಅವನನ್ನೂ ಅಳೆದೆ. ಮೂರು ಗಂಟಿರುವ ದಾರ ಅವನದು.

ಲೇಸಿನ ಕೆಲಸ ಎಂದು ಓದಿ ಖುಷಿಯಾಯಿತು. ಚಿತ್ತಾರದ ಕೆಲಸಕ್ಕೆ ಕೈ ಹಾಕಿದ್ದೀಯೆಂದರೆ ಮೈಯಲ್ಲಿ ಹುಷಾರು ಬಂದಿದೆ ಎಂದೇ ಅರ್ಥ. ಮಲಗಿಕೊಂಡೂ ಅನಾಥ ಮಕ್ಕಳಿಗೆ ಹೆಣೆಯುವ ನಿನ್ನಂಥವಳು ನಮ್ಮ ಮನೆಗೆ ಬಂದದ್ದು ನಮ್ಮ ಪುಣ್ಯ ಎಂದು ಅತ್ತೆಯ ಎದುರಿಗೇ ಹೇಳಿದೆ. ಅವರು ಹೂಂ ಎಂದರು. ಅವರ ಹೂಂ ಎಷ್ಟು ದುಬಾರಿಯೆಂದು ನಿನಗೆ ಗೊತ್ತು.

ಅಶ್ವತ್ಥಮ್ಮ


ಆರೋಗ್ಯಧಾಮ
ತಾ. 8-12-1946

ಅಕ್ಕಾ,

ಮೂರು ಗಂಟಿನ ದಾರವನ್ನು ಮಂಚದ ಮೇಲೆ ಚಾಚಿ ಗೇಣು ಹಾಕಿದೆ. ಒಂದು ಗೇಣು, ಐದು ಬೆರಳು. ಮತ್ತೆ ಹಾಕಿದೆ. ಅಷ್ಟೇ. ನಾನು ಕಳಿಸಿದ ಸ್ವೆಟರ್ ಅದಕ್ಕಿಂತ ಮೂರು ಬೆರಳು ಉದ್ದ. ಅದು ಅವನಿಗೆ ಬಿಗಿಯಾಗುವುದು ಹೇಗೆ?

ಹಂಡೆಗೆ ಹಾಕಿದರು, ಅಲ್ಲವೇ? ಉಲ್ಲನ್ನು ಕುದಿಸಿದರೆ ಕುಗ್ಗಿ ಕಂಬಳಿಯ ಚೂರಿನಂತಾಗುತ್ತದೆ ಎಂದು ನಾನು ಬರೆಯಬೇಕಿತ್ತು. ಅದು ನೆನಪಾದಾಗ ನನಗೆ ಬಂದ ನಗುವಿಗೆ ಕೆಮ್ಮು ಹತ್ತಿಕೊಂಡು ನರ್ಸು ಓಡಿಬಂದರು. ನಿಜವಾಗಿ ನಕ್ಕೆ. ಅತ್ತೆಯ ಮೇಲೆ ಕೋಪವಿಲ್ಲ. ನಾನು ಅವರ ಜಾಗದಲ್ಲಿದ್ದರೆ ಎರಡು ಸಲ ಕುದಿಸುತ್ತಿದ್ದೆ.

ಆದರೆ ಒಂದು ಮಾತು. ರಾಯ ಬೇಗ ಬೇಗ ಬೆಳೆಯುತ್ತಿದ್ದಾನೆ ಎಂದುಕೊಂಡು ಇಷ್ಟು ದಿನ ಕಳೆದೆ. ಅವನು ಅಷ್ಟು ವೇಗವಾಗಿ ದೊಡ್ಡವನಾಗುವುದಾದರೆ, ನನ್ನ ಪಾಲಿಗೆ ಇರುವ ದಿನಗಳಲ್ಲೇ ಅವನನ್ನು ಹೆಚ್ಚು ನೋಡಿದ ಹಾಗಾಯಿತಲ್ಲ ಎಂದು ಒಳಗೊಳಗೇ ಲೆಕ್ಕ ಹಾಕಿದ್ದೆ. ಹುಚ್ಚು ಲೆಕ್ಕ. ಬಿಡಿ.

ಹನ್ನೆರಡರ ದಾರ ಬಂದಿಲ್ಲ. ಸಾಧ್ಯವಾದರೆ ಹದಿನಾರರವನದೂ ಕಳಿಸಿ. ಬೇಗ ಬೇಕು.

ವರಲಕ್ಷ್ಮಿ


ರಾಜಘಟ್ಟ
ತಾ. 11-1-1947

ವರಲಕ್ಷ್ಮಿ,

ನಿನ್ನ ಗಂಡ ರಾಮಾಂಜಿನಪ್ಪ ನಿನ್ನೆ ನಿನ್ನನ್ನು ನೋಡಿಕೊಂಡು ಬಂದ. ಊಟಕ್ಕೆ ಬಡಿಸಿದರೆ ಮುದ್ದೆ ಮುರಿಯದೆ ಕೂತ. “ಅವ್ಳು ಮಾರ್ನಮಿಯಿಂದ ಎದ್ದು ಕೂತೇ ಇಲ್ಲ ಅತ್ತಿಗೆ” ಎಂದ. ಆಗ ನಿನ್ನ ಮೊದಲ ಕಾಗದ ತೆಗೆದು ಓದಿದೆ. ಕೂತಾಗ ಕಡ್ಡಿ, ಮಲಗಿದಾಗ ಕ್ರೋಷಾ. ನೀನು ಬರಿಯ ಲೇಸು ಎಂದು ಬರೆದೆ, ನಾನು ಭೇಷ್ ಎಂದು ಬರೆದೆ. ಅಕ್ಷರ ಕಲಿಸಿದ ನೀನು ಓದುವುದನ್ನೂ ಕಲಿಸಬೇಕಿತ್ತು.

ಅನಾಥಾಲಯದ ವಿಷಯ ಯಾರಿಗೂ ಗೊತ್ತಿಲ್ಲವಂತೆ. ಅಕ್ಕಯಮ್ಮ ನಿನ್ನ ಮಂಚದ ಕೆಳಗಿನ ಗಂಟನ್ನು ಅವನಿಗೆ ಬಿಚ್ಚಿ ತೋರಿಸಿದರಂತೆ. ಸ್ವೆಟರುಗಳನ್ನು ಒಂದರ ಮೇಲೊಂದು ಇಟ್ಟರೆ ಒಂದೊಂದೂ ಕೆಳಗಿನಿಂದ ಇಷ್ಟಿಷ್ಟು ಇಣುಕಿ, ಮೆಟ್ಟಿಲಿನ ಹಾಗೆ ಕಂಡವಂತೆ. ಎಲ್ಲ ಒಬ್ಬನವೇ. ಎಲ್ಲ ನಮ್ಮ ರಾಯನವೇ. ಅವನಿಗೆ ಅರ್ಥವಾಗಲಿಲ್ಲ. “ಇಷ್ಟೊಂದು ಯಾಕೆ ಮಾಡ್ತಾವ್ಳೆ ಅತ್ತಿಗೆ, ತಲೆ ಏನಾದ್ರೂ ಕೆಟ್ಟಿದೆಯಾ?” ಎಂದು ನನ್ನನ್ನು ಕೇಳಿದ. ನಾನು ಕೊಟ್ಟಿಗೆಗೆ ಹೋಗಿ ಎಮ್ಮೆಯ ಪಕ್ಕ ನಿಂತು ಅತ್ತು ಬಂದೆ.

ಏನು ಕೈ ನಿನ್ನದು! ಮಲಗಿದಲ್ಲೇ ಒಂದು ಹುಡುಗನ ಇಡೀ ಬಾಲ್ಯವನ್ನು ಕಡ್ಡಿಗಳ ಮೇಲೆ ಏರಿಸಿಟ್ಟಿದ್ದೀಯೆ. ನನ್ನಿಂದ ಏಳು ಜನ್ಮಕ್ಕೂ ಆಗದ ಕೆಲಸ. ಆದರೆ ಅದರಲ್ಲೆಲ್ಲ ರಾಯ ಇದ್ದಾನೆ, ಹಾಕಿ ಕಳಿಸುವವಳಾಗಿ ನಾನಿದ್ದೇನೆ. ನೀನೆಲ್ಲಿ? ನಿನಗೆ ಜಾಗವೇ ಬಿಟ್ಟುಕೊಂಡಿಲ್ಲವಲ್ಲೇ!

ಆವಲಪ್ಪನ ಹಿರಿಮಗ ಊರಿಗೆ ಬಂದಿದ್ದ. ಅಳೆದಿದ್ದೇನೆ. ದಾರ ನನ್ನ ಹತ್ತಿರ ಇದೆ. ಕಳಿಸುವುದಿಲ್ಲ. ರಾಯನಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತೇನೆ, ಮುದ್ದೆ ನುಂಗಿಸುತ್ತೇನೆ, ಜ್ವರ ಬಂದರೆ ತೊಡೆಯ ಮೇಲೆ ಮಲಗಿಸಿಕೊಳ್ಳುತ್ತೇನೆ. ಅವನು ಹನ್ನೆರಡಾದಾಗ ನೀನು ಬಿಟ್ಟುಹೋದದ್ದನ್ನು ಹಾಕಿ ಕಳಿಸುವ ಕೆಲಸ ಮಾತ್ರ ನನ್ನ ಕೈಯಲ್ಲಿ ಆಗದು.

ಹೌದು, ಹಂಡೆಗೆ ಹಾಕಿದರು. ಅತ್ತೆ ಒಲೆಗೇ ಹಾಕಲು ಹೊರಟಿದ್ದರು. ಕೈಕಾಲು ಹಿಡಿದು ಹಂಡೆಗೆ ಒಪ್ಪಿಸಿದವಳು ನಾನೇ. ಹೊರಗೆ ತೆಗೆದಾಗ ಇಷ್ಟೇ ಇಷ್ಟಾಗಿತ್ತು. ಅದನ್ನು ಈಗ ಮೇಕೆಮರಿ ಹಾಕಿಕೊಂಡಿದೆ. ಅದಕ್ಕೆ ಸರಿಯಾಗಿ ಕೂತಿದೆ.

ಅಶ್ವತ್ಥಮ್ಮ


ರಾಜಘಟ್ಟ
ತಾ. 20-3-1947

ವರಲಕ್ಷ್ಮಿಗೆ,

ಸಂಕ್ರಾಂತಿ ಕಳೆಯಿತು, ಶಿವರಾತ್ರಿ ಕಳೆಯಿತು, ನಿನ್ನ ಕಾಗದವಿಲ್ಲ. ಮೈದುನನನ್ನು ವಾರ್ಡಿನ ಬಾಗಿಲಿನಿಂದಲೇ ಕಳಿಸಿದರಂತೆ. ನಾನು ಒರಟಾಗಿ ಬರೆದೆ. ಬೈದದ್ದು ನಿನ್ನನ್ನಲ್ಲ. ಕೋಪ ಮಾಡಿಕೊಂಡಿದ್ದರೆ ಹಾಗೆಂದಾದರೂ ಬರೆ. ಒಂದು ಸಾಲು ಸಾಕು. ಯಾರ ಕೈಯಲ್ಲಾದರೂ ಬರೆಸು.

ದಿನಾ ಟಪಾಲಿನವನು ಬರುವ ಹೊತ್ತಿಗೆ ಅತ್ತೆ ಸಾಂಬ್ರಾಣಿ ಕೆಂಡ ಮಾಡಿಕೊಂಡು ಬಾಗಿಲಲ್ಲಿ ಕೂರುತ್ತಾರೆ.

ಅಶ್ವತ್ಥಮ್ಮ


ಆರೋಗ್ಯಧಾಮ
ತಾ. 3-7-1947

ಅಕ್ಕಾ,

ಇದನ್ನು ಒರಗಿ ಕೂತು ಬರೆಯುತ್ತಿದ್ದೇನೆ. ನನ್ನದೇ ಕೈ.

ನಿಮ್ಮ ಕಾಗದ ಬಂದ ವಾರವೇ ಚಿಕಿತ್ಸೆ ಶುರುಮಾಡಿದರು. ಪಕ್ಕೆಯಲ್ಲಿ ಸೂಜಿ ಚುಚ್ಚಿ ಗಾಳಿ ತುಂಬಿ, ಕೆಟ್ಟಿರುವ ಶ್ವಾಸಕೋಶವನ್ನು ಕೆಲಸ ಮಾಡದಂತೆ ಮಲಗಿಸುತ್ತಾರೆ. ಅದು ಗಾಯ ಮಾಯುವವರೆಗೆ ಮಲಗಿರಬೇಕಂತೆ. ಮಾತಿಲ್ಲ, ಬರವಣಿಗೆಯಿಲ್ಲ, ಕೈಕೆಲಸವಿಲ್ಲ. ಕಡ್ಡಿಗಳನ್ನೆಲ್ಲ ಮೇಟ್ರನ್ ಅಮ್ಮ ತೆಗೆದುಕೊಂಡು ಹೋದರು. ಸೂರಿನ ಹೆಂಚು ನೋಡುತ್ತ ಮಲಗಿರುವುದಷ್ಟೇ ಕೆಲಸ.

ಮೊದಲು ನಿಮ್ಮ ಮೇಲೆ ಉರಿಯುವಷ್ಟು ಕೋಪ ಬಂತು. ಬೇಡಿದ್ದು ಒಂದು ಮೊಳ ದಾರ. ಅದನ್ನೂ ಕೊಡದವರು ಇನ್ನೇನು ಕೊಟ್ಟಾರು ಎಂದುಕೊಂಡೆ. ಅಳತೆ ಇಲ್ಲದಿದ್ದರೇನು, ಊಹೆಯ ಮೇಲೆ ಮನಸ್ಸಿನಲ್ಲೇ ಹೆಣೆಯುತ್ತೇನೆಂದು ಹಟ ಹಿಡಿದೆ. ಕಣ್ಣು ಮುಚ್ಚಿ ಹನ್ನೆರಡರ ರಾಯನನ್ನು ನಿಲ್ಲಿಸಿಕೊಂಡೆ. ಎಷ್ಟು ಸಲ ನಿಲ್ಲಿಸಿದರೂ ಅವನಿಗೆ ಮುಖ ಬರಲಿಲ್ಲ. ಬರಿಯ ಬೆನ್ನು. ಭುಜ ಹೇಗಿರುತ್ತದೋ ತಿಳಿಯಲಿಲ್ಲ. ನನ್ನ ಮಗನ ಭುಜ ಆವಲಪ್ಪನ ಮಗನ ಭುಜವಲ್ಲ. ನೀವು ಆ ದಾರ ಕಳಿಸಿದ್ದರೆ ನಾನು ಯಾರದೋ ಹುಡುಗನಿಗೆ ಹೆಣೆದು ಮುಗಿಸಿಬಿಡುತ್ತಿದ್ದೆ. ನನಗಿಂತ ನೀವು ಬುದ್ಧಿವಂತರು ಎಂದು ಆವತ್ತು ಅನ್ನಿಸಿತು. ಒಪ್ಪಿಕೊಳ್ಳಲು ಇನ್ನೂ ಒಂದು ತಿಂಗಳು ಬೇಕಾಯಿತು.

ಮತ್ತೆ ಕೈಕೆಲಸಕ್ಕೆ ಬಿಟ್ಟ ದಿನ ಗಂಟು ತರಿಸಿಕೊಂಡೆ. ಎಲ್ಲಕ್ಕಿಂತ ದೊಡ್ಡದನ್ನು ಮೊದಲು ಎಳೆದೆ. ಅಕ್ಕಯಮ್ಮ ಎರಡು ಕೈ ಚಾಚಿ ದಾರ ಸುತ್ತಿಕೊಟ್ಟರು. ಬಿಚ್ಚಿದ ದಾರ ಗುಂಗುರುಗೂದಲಿನ ಹಾಗೆ ಸುರುಳಿ ಸುರುಳಿ ಬರುತ್ತದೆ, ನೋಡಲು ಬಲು ಚಂದ. ಎಂಟರದು, ಆರರದು, ಎಲ್ಲ ಬಿಚ್ಚಿದೆ. “ಮುಗೀತು, ಅಂಗಡಿ ದಿವಾಳಿ!” ಎಂದರು ಅಕ್ಕಯಮ್ಮ. ಈಗ ಮಂಚದ ಕೆಳಗೆ ಬರಿಯ ಉಂಡೆಗಳಿವೆ. ಅವು ಯಾವ ವಯಸ್ಸಿನವೂ ಅಲ್ಲ.

ಒಂದನ್ನು ಮಾತ್ರ ಮೂರು ಗಂಟಿನ ದಾರದ ಅಳತೆಗೆ, ಸ್ವಲ್ಪ ಬೆಳೆಯಲು ಬಿಟ್ಟು ಹೆಣೆದೆ. ಬೂದಿನೀಲಿ. ಇದರೊಂದಿಗೆ ಕಳಿಸುತ್ತಿದ್ದೇನೆ. ಒಂದೇ ತೋಳು ಇದೆ. ಇನ್ನೊಂದು ಇಲ್ಲೇ ಕೊಡೆಕಡ್ಡಿಯ ಮೇಲಿದೆ. ಕಳಿಸುವುದಿಲ್ಲ.

ಡಾಕ್ಟರು ಮಾತು ಕೊಡುವವರಲ್ಲ. ಎಕ್ಸ್‌ರೇ ನೋಡಿ, ಮಳೆಗಾಲ ಮುಗಿಯಲಿ, ಆಮೇಲೆ ಹೇಳುತ್ತೇವೆ ಎನ್ನುತ್ತಾರೆ. ಹಿಂದೆ ಅವರು ನನ್ನ ಮುಖ ನೋಡದೆ ಹೇಳುತ್ತಿದ್ದರು. ಈಗ ನೋಡಿ ಹೇಳುತ್ತಾರೆ.

ವರಲಕ್ಷ್ಮಿ


ರಾಜಘಟ್ಟ
ತಾ. 17-7-1947

ನನ್ನ ವರಲಕ್ಷ್ಮಿಗೆ,

ಗಂಟು ಬಂದಾಗ ನಾನು ಬಚ್ಚಲ ಬಾಗಿಲಿಗೆ ಅಡ್ಡ ನಿಂತೆ. ಅತ್ತೆ ನನ್ನನ್ನೊಮ್ಮೆ, ಹಂಡೆಯನ್ನೊಮ್ಮೆ ನೋಡಿದರು. ಸ್ವೆಟರನ್ನು ತಾವೇ ತೆಗೆದುಕೊಂಡು ಹೋಗಿ ಹುಲ್ಲಿನ ಬಣವೆಯ ಮೇಲೆ ಹರಡಿದರು. ಮೋಡ ಕವಿದಾಗ ಒಳಗೆ, ಬಿಸಿಲು ಬಿದ್ದಾಗ ಹೊರಗೆ, ಹೀಗೆ ದಿನವೆಲ್ಲ ಅದನ್ನೇ ಕಾದರು. ಸಂಜೆ ಬಂದು ಮೆಲ್ಲಗೆ ಕೇಳಿದರು: “ಬಿಸ್ಲಿಗೂ ಕುಗ್ತದೇನೇ ಇದು?”

ರಾಯನಿಗೆ ಹಾಕಿದೆ. ಈ ಸಲ ಸುಳ್ಳಿಲ್ಲ, ಕೇಳು. ಕುತ್ತಿಗೆ ತೂರಿಸುವಾಗ ಅಳಲಿಲ್ಲ. ಬೆನ್ನು ಸೊಂಟದ ಕೆಳಗೆ ಎರಡು ಬೆರಳು ಇಳಿಯಿತು. ಎಡದ ತೋಳು ಮಣಿಕಟ್ಟಿಗೆ ಸರಿಯಾಗಿ ನಿಂತಿತು. ಬಲಗಡೆ ಬರಿಗೈ.

ಆಷಾಢದ ಗಾಳಿ ಜೋರಾಗಿದೆ. ಬಿಚ್ಚೋ ಎಂದರೆ ಬಿಚ್ಚುವುದಿಲ್ಲ, ಹಾಗೆಯೇ ಬೀದಿಗೆ ಓಡಿದ. ಹಬೀಬುಲ್ಲಾ ಸಾಹೇಬರ ಜಗಲಿಯಲ್ಲಿ ಕೂತವರೆಲ್ಲ ಅವನನ್ನು ಹಿಡಿದು ನಿಲ್ಲಿಸಿಕೊಂಡರು. ನಾನು ನೀರು ಹೊತ್ತು ಹಿಂದೆಯೇ ಬರುತ್ತಿದ್ದೆ.

“ಏನೋ ರಾಯ, ಒಂದೇ ತೋಳು! ಇನ್ನೊಂದು ಮೇಕೆ ತಿಂತೇನೋ?” ಎಂದು ರಹೀಮ್ ನಕ್ಕ.

ನಾನು ರಾಯನಿಗೆ ಏನೂ ಹೇಳಿಕೊಟ್ಟಿರಲಿಲ್ಲ, ದೇವರಾಣೆ. ಅವನು ಬರಿಗೈಯನ್ನು ಹಿಂದಕ್ಕೆ ಕಟ್ಟಿಕೊಂಡು, ಇಷ್ಟೂ ಗೊತ್ತಿಲ್ಲವೇ ಎಂಬ ಹಾಗೆ ಅವರನ್ನೆಲ್ಲ ನೋಡಿ, “ಅದು ನಮ್ಮಮ್ಮನ ಹತ್ರ ಐತೆ. ಬರ್ತಾ ತರ್ತಾಳೆ” ಎಂದ.

ಅಶ್ವತ್ಥಮ್ಮ